ಗಾಳಿ ಬರೆದ ಸರ್

ಕಂಪ್ಯೂಟರ್ ಶುರು ಮಾಡಿದ ಕೂಡಲೇ ಸರ್ ಮುಂದಕ್ಕೆ ಬಾಗಿ ಎಡಗಿವಿಯನ್ನು ಅದರ ಡಬ್ಬಿಗೆ ಒತ್ತಿ ಹಿಡಿಯುತ್ತಿದ್ದರು. ಎದ್ದಾಗ ಡಬ್ಬಿಯ ಜಾಲರಿಯ ಗುರುತು ಕಿವಿಯ ಮೇಲೆ ಮೂಡಿ ಸ್ವಲ್ಪ ಹೊತ್ತು ಕೆಂಪಗೆ ಉಳಿದಿರುತ್ತಿತ್ತು. ಬಸುರಿಯ ಹೊಟ್ಟೆಗೆ ಕಿವಿ ಕೊಟ್ಟ ಸೂಲಗಿತ್ತಿಯ ಹಾಗೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಆ ಹೋಲಿಕೆ ಆಗ ಹೊಳೆದದ್ದಲ್ಲ, ಈಗ ಬರೆಯಲು ಕೂತಾಗ ಬಂದದ್ದು. ಆಗ ನನಗೆ ಅನಿಸಿದ್ದು ಇಷ್ಟೇ: ಈ ಮನುಷ್ಯನ ಕಿವಿಗೆ ಒಂದಲ್ಲ ಒಂದು ದಿನ ಕರೆಂಟು ಹೊಡೆಯುತ್ತದೆ.

"ಏನ್ ಕೇಳ್ತೀರಿ ಸರ್?" ಎಂದರೆ, "ಬರಾಕತ್ತೇತೋ ಇಲ್ಲೋ ನೋಡ್ತೇನಿ" ಎನ್ನುತ್ತಿದ್ದರು.

ಅವರು ಆಟ ಬರೆಯಲು ಕಲಿತ ಕಾಲದಲ್ಲಿ ಮನೆಯ ಟೀವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್ ಇತ್ತಂತೆ. ಆಟವನ್ನು ಅದರೊಳಗೆ ಕ್ಯಾಸೆಟ್ಟಿನಿಂದ ತುಂಬಬೇಕು. ಟೇಪ್ ರೆಕಾರ್ಡರ್ ಕಿರ್ರೆಂದು ಚೀರುವುದನ್ನು ಕೇಳಿಯೇ ಆಟ ಸರಿಯಾಗಿ ಒಳಗೆ ಹೋಗುತ್ತಿದೆಯೋ ನಡುವೆ ಕೆಟ್ಟಿತೋ ಎಂದು ಹೇಳುತ್ತಿದ್ದರಂತೆ. ರೋಣದಲ್ಲಿ ನಾವು ಅವರನ್ನು ಕಾಣುವ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ಕಿವಿ ಮಾತ್ರ ಹಳೆಯ ಕೆಲಸಕ್ಕೆ ಹಾಜರಾಗುತ್ತಿತ್ತು.

ಸರ್ ಗಜೇಂದ್ರಗಡದ ನೇಕಾರರ ಮನೆಯವರು. ಮಗ್ಗ ಬಿಟ್ಟು ಪುಣೆಗೆ ಹೋಗಿ, ಎರಡು ಕೋಣೆಯ ಒಂದು ಕಂಪನಿ ಸೇರಿ, ಮನೆಯಲ್ಲಿ ಆಡುವ ಕಂಪ್ಯೂಟರ್ ಆಟಗಳನ್ನು ಬರೆದರು. ನಮ್ಮ ಕಡೆಯವರಾರೂ ಕಂಪ್ಯೂಟರನ್ನು ಕಣ್ಣಲ್ಲಿ ಕಂಡಿರದ ದಿನಗಳವು. ಒಂದು ಆಟದಲ್ಲಿ ಕಳ್ಳನೊಬ್ಬ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಿದ್ದ. ಒಮ್ಮೆ ರೈಲಿನಲ್ಲಿ ಎದುರು ಕೂತ ಅಪರಿಚಿತನ ಕೈಚೀಲದಲ್ಲಿ ಆ ಕ್ಯಾಸೆಟ್ಟು ಕಂಡು ತಮಗೆ ಮಾತೇ ಹೊರಡಲಿಲ್ಲ ಎಂದು ಸರ್ ಹೇಳುತ್ತಿದ್ದರು. ಇನ್ನೊಮ್ಮೆ ಇದನ್ನೇ ಹೇಳಿದಾಗ ರೈಲು ಬಸ್ಸಾಗಿತ್ತು. ಸರ್ ಆ ಮನುಷ್ಯನಿಗೆ "ಇದನ್ನ ಬರದಾಂವ ನಾನಽ" ಎಂದು ಹೇಳಿಯೂ ಇದ್ದರು, ಆತ ನಂಬಿರಲಿಲ್ಲ. ಯಾವುದು ಖರೆ ಎಂದು ನಾನು ಕೇಳಲಿಲ್ಲ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಆಮೇಲೆ ಹೊರದೇಶದ ಆಟಗಳ ನಕಲುಗಳು ಬಂದು ಪುಣೆಯ ಕಂಪನಿ ಬಾಗಿಲು ಹಾಕಿತು. ಸರ್ ಹೆಂಡತಿಗೆ ರೋಣದ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ನೌಕರಿ ಇತ್ತು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಸರ್ ಬಸ್‌ಸ್ಟ್ಯಾಂಡಿನ ಹತ್ತಿರ, ಬೀಜ-ಗೊಬ್ಬರದ ಅಂಗಡಿಯ ಮಾಳಿಗೆ ಹಿಡಿದು ಕಂಪ್ಯೂಟರ್ ಕ್ಲಾಸು ತೆರೆದರು. ಕೆಳಗಿನಿಂದ ಗೊಬ್ಬರದ ಘಾಟು ಮೇಲೆ ಬರುತ್ತಿತ್ತು. ಹುಡುಗ ಹುಡುಗಿಯರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಟೈಪು ಕಲಿಯುತ್ತಿದ್ದರು. ನಾನು ಬಿ.ಕಾಂ. ಮುಗಿಸಿ, ಮೊದಲು ಕಲಿಯಲು ಹೋಗಿ, ಆಮೇಲೆ ಅಲ್ಲೇ ಕಲಿಸಲು ನಿಂತವಳು. ಪ್ರೋಗ್ರಾಂ ಬರೆಯುವುದನ್ನು ಸರ್ ನನಗೆ ಒಬ್ಬಳಿಗೇ ಕಲಿಸಿದರು. ಉಳಿದವರಿಗೆ ಅದು ಬೇಡವಾಗಿತ್ತು. ಅವರಿಗೆ ಸರ್ಟಿಫಿಕೇಟು ಬೇಕಿತ್ತು.

ಕಲಿಸುವಾಗ ಸರ್ ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು: "ಆಟ ಸುಳ್ಳಾಡಬಾರ್ದು ತಂಗಿ. ಆಡಾಂವ ಬೇಕಾದ್ರ ಸುಳ್ಳಾಡ್ಲಿ, ಅಂವ ಮನಷ್ಯಾ ಅದಾನ. ಆಟಕ್ಕ ಆ ಹಕ್ಕಿಲ್ಲ." ಗೋಡೆ ಕಂಡರೆ ಅದು ಗೋಡೆಯೇ ಆಗಿರಬೇಕು. ದಾರಿ ಕಂಡರೆ ಅಲ್ಲಿ ನಡೆಯಲು ಬರಬೇಕು. ನಾನು ಬರೆದ ಮೊದಲ ಸಣ್ಣ ಆಟದಲ್ಲಿ ಚೆಂಡು ಬುಟ್ಟಿಗೆ ತಗಲಿದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸರ್ ಅದನ್ನು ನೋಡಿ ಇಡೀ ದಿನ ನನ್ನೊಂದಿಗೆ ಮಾತಾಡಲಿಲ್ಲ. ಸಂಜೆ ಮೆಟ್ಟಿಲಿಳಿಯುವಾಗ, "ಬುಟ್ಟಿ ಮುಟ್ಟೇತಿ ಅಂತ ಕಣ್ಣಿಗೆ ಕಾಣತೇತಿ, ನೀ ಇಲ್ಲ ಅಂತಿ. ನಾ ಯಾರನ್ನ ನಂಬ್ಲಿ?" ಎಂದು ಕೇಳಿ ಹೋದರು.

ಲಿಂಬೆಹಣ್ಣಿನ ಆಟದ ಕಥೆ ಶುರುವಾದದ್ದು ನಮ್ಮ ಅಣ್ಣನಿಂದ.

ಅಣ್ಣ ಒಂದು ಕಾಲಕ್ಕೆ ಪಂಚಮಿಯ ಹುಲಿ. ಶ್ರಾವಣದ ಪಂಚಮಿಗೆ ನಮ್ಮಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡಿದರೆ ಗಂಡಸರು ಲಿಂಬೆಹಣ್ಣು ಒಗೆಯುವ ಪಣ ಕಟ್ಟುತ್ತಾರೆ. ಊರ ಅಗಸಿ ಬಾಗಿಲಿನಿಂದ ಒಗೆಯಬೇಕು, ಲಿಂಬೆ ಬಿದ್ದಲ್ಲಿಂದ ಮತ್ತೆ ಒಗೆಯಬೇಕು. ಸವಡಿ ದಾರಿಯ ಬನ್ನಿಗಿಡವನ್ನು ಯಾರು ಕಡಿಮೆ ಒಗೆತಕ್ಕೆ ಮುಟ್ಟುತ್ತಾರೋ ಅವರು ಗೆದ್ದಂತೆ. ದಾರಿಯ ಎರಡೂ ಕಡೆ ಆಗ ಹೆಸರಿನ ಬೆಳೆ ನಿಂತಿರುತ್ತದೆ. ಲಿಂಬೆ ಅದರೊಳಗೆ ಬಿತ್ತೆಂದರೆ ಹೋಯಿತು, ಹಸಿರಲ್ಲಿ ಹಸಿರು; ಆ ಒಗೆತ ದಂಡ, ಹೊಸ ಲಿಂಬೆ ಹಿಡಿದು ಹಿಂದಿನ ಜಾಗದಿಂದಲೇ ಮತ್ತೆ ಒಗೆಯಬೇಕು. ಅಣ್ಣನ ಲಿಂಬೆ ಹೊಲಕ್ಕೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಹೀಗೆಂದು ಜನ ಹೇಳುತ್ತಾರೆ, ಒಮ್ಮೆಯಾದರೂ ಬಿದ್ದಿರಲೇಬೇಕು.

ಆಮೇಲೆ ಅಣ್ಣ ಟ್ರ್ಯಾಕ್ಟರಿನ ಟ್ರೇಲರ್ ಮೇಲಿಂದ ಬಿದ್ದು ಬಲಭುಜ ಮುರಿದುಕೊಂಡ. ಮೂಳೆ ಕೂಡಿತು, ಕೈ ಮಾತ್ರ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ದಿನಾ ಗೋಡೆಗೆ ಬೆರಳು ಹಚ್ಚಿ ಸ್ವಲ್ಪ ಸ್ವಲ್ಪವೇ ಮೇಲೇರಿಸು, ಬಿಡಬೇಡ, ಕೈ ಬರುತ್ತದೆ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅಣ್ಣ ಎರಡು ದಿನ ಮಾಡಿ ಬಿಟ್ಟ. ಟ್ರ್ಯಾಕ್ಟರ್ ಓಡಿಸುವುದು ನಿಂತಿತು. ಕಟ್ಟೆಯ ಮೇಲೆ ಕೂತು ಬಸ್ಸುಗಳ ಮೇಲಿನ ಬೋರ್ಡು ಓದುವುದೇ ಅವನ ಉದ್ಯೋಗವಾಯಿತು.

ಒಂದು ದಿನ ನನಗೆ ಬುತ್ತಿ ಕೊಡಲು ಮಾಳಿಗೆ ಹತ್ತಿ ಬಂದವನನ್ನು ಸರ್ ಕೂಡಿಸಿಕೊಂಡರು.

"ನೀನಽ ಏನ್ ಲಿಂಬಿಹಣ್ಣ ಒಗಿಯಾಂವ?"

"ಒಗೀತಿದ್ದೆ ಸರ್. ಈಗ ಹಿಂಡ್ಕೊಂಡ್ ಕುಡಿಯೋದಷ್ಟಽ."

ಸರ್ ಗಟ್ಟಿಯಾಗಿ ನಕ್ಕರು. ಆಮೇಲೆ ಕೇಳಿದರು, "ಒಗಿಯೋ ಮುಂದ ಮೊದಲ ಏನ್ ನೋಡ್ತಿ?"

"ಗಾಳಿ" ಎಂದ ಅಣ್ಣ. "ಹಣಮಪ್ಪನ ಗುಡಿ ನಿಶಾನಿ ಹ್ಯಾಂಗ ಹಾರ್ತದ ನೋಡ್ತೇನಿ. ನಿಶಾನಿ ಸುಳ್ಳಾಡಂಗಿಲ್ಲರಿ."

ಸರ್ ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಅಂದಿನಿಂದ ಆಟ ಶುರುವಾಯಿತು.

ಸರ್ ಕೆಲಸ ಮಾಡುವ ರೀತಿಯೇ ಬೇರೆ. ಮೊದಲು ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಕ್ಲಾಸಿನ ನೆಲಕ್ಕೆ ಶಹಾಬಾದ ಫರಸಿ ಕಲ್ಲು ಹಾಸಿತ್ತು. ಬೆಂಚು ಸರಿಸಿ, ಒಂದೊಂದು ಫರಸಿಯನ್ನೂ ಸೀಮೆಸುಣ್ಣದಿಂದ ಚೌಕ ಚೌಕ ಮಾಡಿ, "ಇದು ಪರದೆ" ಎನ್ನುತ್ತಿದ್ದರು. ಆಟದಲ್ಲಿ ಏನೇನು ಓಡಾಡಬೇಕೋ ಅದೆಲ್ಲ ನಾವೇ ಆಗಬೇಕು.

"ತಂಗಿ, ನೀ ಗಾಳಿ. ಅಲ್ಲಿ ನಿಂದ್ರು. ನೀ ಲಿಂಬಿ, ಇಲ್ಲಿಂದ ಹೊಂಡು."

"ನಾ ಹಣ್ಣೋ ಕಾಯಿಯೋ ಸರ್?" ಎಂದು ಅಣ್ಣ.

"ಏನ್ ಫರಕ?"

"ಹಣ್ಣ ಬಿದ್ದಲ್ಲೇ ಪಿಚ್ಚಂತದರಿ. ಕಾಯಿ ಪುಟೀತದ. ಅದೂ ಡಾಂಬರ್ ಮ್ಯಾಲ ಬಿದ್ರ. ಎರಿ ಮಣ್ಣಾಗ, ಮಳಿ ಆಗಿದ್ರ, ಬಿದ್ದಲ್ಲೇ ಹುಗೀತದ."

"ಕಾಯಿ ಆಗು" ಎಂದು ಸರ್ ತೀರ್ಪು ಕೊಟ್ಟರು. ಅಣ್ಣ ಚೌಕ ಎಣಿಸುತ್ತಾ ಬರುವುದು, ನಾನು ಅವನ ಭುಜ ಹಿಡಿದು ಪಕ್ಕದ ಚೌಕಕ್ಕೆ ನೂಕುವುದು, ಸರ್ ಮೇಜಿನ ಮೇಲೆ ನಿಂತು ನೋಡುವುದು. ಟೈಪು ಕಲಿಯಲು ಬಂದ ಹುಡುಗಿಯರು ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು, ದುಪಟ್ಟಾ ಅಡ್ಡ ಹಿಡಿಯುತ್ತಿದ್ದರು. ಹೀಗೆ ನೆಲದ ಮೇಲೆ ಆಡಿ ಆಡಿ ಒಪ್ಪಿಗೆಯಾದ ಮೇಲಷ್ಟೇ ಅದು ಕಂಪ್ಯೂಟರಿಗೆ ಹೋಗುತ್ತಿತ್ತು. ಅಗಸಿ, ಬನ್ನಿಗಿಡ, ಹೆಸರಿನ ಹೊಲ, ಮೂಲೆಯಲ್ಲಿ ಗುಡಿ ಮತ್ತು ಅದರ ಬಾವುಟದ ನಿಶಾನೆ, ಈ ಚಿತ್ರಗಳೆಲ್ಲ ನನ್ನವು. ಲಿಂಬೆಯ ಪುಟಿತ ಅಣ್ಣನದು. "ಗಾಳಿ ನಾ ಬರಿತೇನಿ. ಅದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಸರ್ ಮೊದಲೇ ಹೇಳಿದ್ದರು.

ಆಟ ತಯಾರಾದಾಗ ಒಂದು ವಿಷಯ ನಾವಾರೂ ಎಣಿಸಿರದಂತೆ ಆಯಿತು. ಒಗೆಯಲು ಕೀಬೋರ್ಡಿನ ಉದ್ದನೆಯ ಗುಂಡಿಯನ್ನು ಒತ್ತಿ ಹಿಡಿದು ಸರಿಯಾದ ಹೊತ್ತಿಗೆ ಬಿಡಬೇಕಿತ್ತು, ಅಷ್ಟೇ. ಅದಕ್ಕೆ ಕೈ ಎದೆಯ ಮೇಲೆ ಏಳಬೇಕಿಲ್ಲ. ಅಣ್ಣ ಆ ಮುರಿದ ಬಲಗೈಯನ್ನೇ ಮೇಜಿನ ಮೇಲಿಟ್ಟು, ನಿಶಾನೆಯನ್ನು ನೋಡಿ, ಬೆರಳು ಬಿಡುತ್ತಿದ್ದ. ಲಿಂಬೆ ದಾರಿಯ ನಡುವೆ ಗೆರೆ ಎಳೆದಂತೆ ಹೋಗುತ್ತಿತ್ತು. ಕ್ಲಾಸಿನಲ್ಲಿ ಅವನನ್ನು ಯಾರೂ ಸೋಲಿಸಲಿಲ್ಲ. ಕಟ್ಟೆ ಬಿಟ್ಟು ಮಾಳಿಗೆಯಲ್ಲೇ ಇರತೊಡಗಿದ. ಹೊಸ ಹುಡುಗರಿಗೆ, "ನಿಶಾನಿ ನೋಡಲೇ, ಬೆರಳ ಯಾಕ ನೋಡ್ತಿ" ಎಂದು ಗದರುತ್ತಿದ್ದ. ಮನೆಯಲ್ಲಿ ಒಂದು ಮುಂಜಾನೆ ನೋಡುತ್ತೇನೆ, ಗೋಡೆಗೆ ಬೆರಳು ಹಚ್ಚಿ ನಿಂತಿದ್ದಾನೆ. ಬೆರಳು ಗಲ್ಲದ ಮಟ್ಟಕ್ಕೆ ಬಂದಿತ್ತು. ಅವ್ವ ಒಲೆಯ ಮುಂದಿನಿಂದಲೇ ನನಗೆ ಕಣ್ಸನ್ನೆ ಮಾಡಿದಳು: ಮಾತಾಡಬೇಡ.

ಆ ವರ್ಷ ಪಂಚಮಿಗೆ ರಸ್ತೆಯಲ್ಲಿ ಲಿಂಬೆ ಒಗೆಯುವುದನ್ನು ಹಿರಿಯರು ನಿಲ್ಲಿಸಿದರು. ಹಿಂದಿನ ವರ್ಷ ಯಾರದೋ ಲಿಂಬೆ ಬಸ್ಸಿನ ಗಾಜಿಗೆ ಬಡಿದು ದೊಡ್ಡ ರಂಪವಾಗಿತ್ತು. ಪೇಟೆ ಓಣಿಯ ಮೌಲಾಸಾಬ ಬಜಾರದಲ್ಲಿ ಹಣ್ಣಿನ ವ್ಯಾಪಾರಿ, ಅಣ್ಣನ ಹಳೆಯ ಎದುರಾಳಿ. ಅವನೇ ಮಾಳಿಗೆ ಹತ್ತಿ ಬಂದ.

"ಏನ್ರಿ ಸರ್, ಊರಾಗ ಲಿಂಬಿ ಬಂದ್ ಆತು. ನನ್ನ ವ್ಯಾಪಾರಕ್ಕ ಕಲ್ಲ ಬಿತ್ತು. ನಿಮ್ಮ ಡಬ್ಬ್ಯಾಗರ ಒಗಿಯಾಕ ಕೊಡ್ರಿ."

"ಬಾ, ಕಲಿ, ಒಗಿ" ಎಂದರು ಸರ್. "ಇದಕ್ಕ ನಿನ್ನ ಓಣಿ ಯಾವುದು, ಇವನ ಓಣಿ ಯಾವುದು, ಏನೂ ಗೊತ್ತಿಲ್ಲ."

ಪಣ ಹಳೆಯದೇ. ಗೆದ್ದ ಓಣಿಗೆ ಕೊಬ್ಬರಿ ಬಟ್ಟಲು. ಸೋತವನು ಗುಡಿಯ ಮುಂದೆ ಮೀಸೆ ತೆಗೆಸಬೇಕು.

ಪಂಚಮಿಯ ಮಧ್ಯಾಹ್ನ ಮಾಳಿಗೆಯ ಮೆಟ್ಟಿಲವರೆಗೂ ಜನ. ಕೆಳಗಿನ ಗೊಬ್ಬರದಂಗಡಿಯವರು ಅಂಗಡಿಯನ್ನೇ ಮುಚ್ಚಿ ಬಂದಿದ್ದರು. ಒಳಗೆ ಕಾಣದವರಿಗೆ ಬಾಗಿಲಲ್ಲಿ ನಿಂತವನೊಬ್ಬ ಕೂಗಿ ಹೇಳುತ್ತಿದ್ದ: "ಮೌಲಾಂದು ದಾರಿ ದಂಡಿಗೆ... ಪುಟೀತು... ಉಳೀತು!" ಮೌಲಾಸಾಬ ಒಂದೊಂದು ಸಲ ಒಗೆಯುವಾಗಲೂ ಗುಂಡಿಗೆ ಕೈ ಮುಗಿಯುತ್ತಿದ್ದ. "ಅದಕ್ಕ್ಯಾಕ ನಮಸ್ಕಾರ ಹೊಡೀತಿ? ಅದೇನ್ ನಿನ್ನ ಬೀಗರಽ?" ಎಂದು ಅಣ್ಣ. "ಬೀಗರಾಗಿದ್ರ ಒದೀತಿದ್ದೆ ಬಿಡೋ" ಎಂದು ಅವನು. ಕೋಣೆಯೆಲ್ಲ ನಗೆ.

ಅಣ್ಣ ಮುಂದಿದ್ದ, ಬಹಳ ಮುಂದಿದ್ದ. ಬನ್ನಿಗಿಡ ಪರದೆಯೊಳಗೆ ಬಂದೇ ಬಿಟ್ಟಿತ್ತು. ನಿಶಾನೆ ಕಂಬಕ್ಕೆ ಅಂಟಿ ಜೋತುಬಿದ್ದಿತ್ತು, ಗಾಳಿಯೇ ಇಲ್ಲ. ಅಣ್ಣ ಒತ್ತಿ ಹಿಡಿದು, ಬಿಟ್ಟ. ಲಿಂಬೆ ನೆಟ್ಟಗೆ ಏರಿತು. ಇಳಿಯುವಾಗ ಯಾರೋ ಭುಜ ಹಿಡಿದು ನೂಕಿದಂತೆ ಪಕ್ಕಕ್ಕೆ ಸರಿಯಿತು. ಸರಿದು ಹೆಸರಿನ ಹೊಲದೊಳಗೆ ಹೋಯಿತು.

"ಹೋತು!" ಎಂದು ಬಾಗಿಲವನು ಕೂಗಿದ. ಒಂದು ಗಳಿಗೆ ಯಾರೂ ನಂಬಲಿಲ್ಲ. ಆಮೇಲೆ ಪೇಟೆ ಓಣಿಯವರು ಕುಣಿದರು.

ಇನ್ನೊಂದು ಒಗೆತಕ್ಕೂ ಹಾಗೆಯೇ ಆಯಿತು. ಮೌಲಾಸಾಬ ಹಿಂದಿನಿಂದ ಬಂದು ಬನ್ನಿಗಿಡ ಮುಟ್ಟಿದ.

ನಾನು ಮರೆಯದ್ದು ಒಂದೇ, ಇದರಲ್ಲಿ ನೆನಪು ಏನನ್ನೂ ಸೇರಿಸಿಲ್ಲ ಎಂದು ಆಣೆ ಮಾಡಬಲ್ಲೆ. ಲಿಂಬೆ ಸರಿದಾಗ ಕೋಣೆಯವರೆಲ್ಲ ಪರದೆ ನೋಡಿದರು. ಅಣ್ಣ ಪರದೆ ನೋಡಲಿಲ್ಲ. ತನ್ನ ಕೈ ನೋಡಿಕೊಂಡ.

ಗುಡಿಯ ಮುಂದೆ ಮೌಲಾಸಾಬನೇ, "ಏ, ಮೀಸಿ ಇರ್ಲಿ ಬಿಡೋ, ನನಗೇನ್ ಅದರ ಉಪ್ಪಿನಕಾಯಿ ಹಾಕೋದೈತೇನು?" ಎಂದ. ಅಣ್ಣ ಕೇಳಲಿಲ್ಲ. ಕೂತು ಮೀಸೆ ಕೊಟ್ಟ. ಮೀಸೆ ತಿಂಗಳೊಪ್ಪತ್ತಿನಲ್ಲಿ ಬಂತು. ಮರುದಿನದಿಂದ ಗೋಡೆಯ ಮುಂದೆ ಮಾತ್ರ ಅವನು ನಿಲ್ಲಲಿಲ್ಲ. ಬೆರಳು ಗಲ್ಲದಿಂದ ಎದೆಗೆ ಇಳಿಯಿತು. ಕೇಳಿದರೆ, "ಕೈ ಹೋಗೇತಿ. ಹೋದದ್ದು ಹೋತು. ಮಂದಿ ಮುಂದ ತಿಳೀತು, ಚಲೋ ಆತು" ಎಂದ.

ನನಗೆ ಆ ಜೋತುಬಿದ್ದ ನಿಶಾನೆ ಬಿಡಲಿಲ್ಲ. ಹಬ್ಬ ಮುಗಿದು ಕ್ಲಾಸಿನ ಬಾಗಿಲು ತೆಗೆದ ದಿನ, ಇನ್ನೂ ಯಾರೂ ಬಂದಿರದ ಮುಂಜಾನೆ, ಎರಡೂ ಕಡೆಯಿಂದ ನಾನೇ ಆಡಿದೆ. ನಿಶಾನೆ ಸುಮ್ಮನಿದ್ದಾಗ ಮಾತ್ರ ಒಗೆದೆ. ಸಮಸಮ ಇರುವಾಗ ಲಿಂಬೆ ನೆಟ್ಟಗೆ ಹೋಯಿತು. ಒಬ್ಬನನ್ನು ಬಹಳ ಮುಂದೆ ಬಿಟ್ಟು ಒಗೆದೆ. ಅವನ ಲಿಂಬೆ ಸರಿಯಿತು. ಅವನನ್ನು ಹಿಂದೆ ಹಾಕಿ ಇನ್ನೊಬ್ಬನನ್ನು ಮುಂದೆ ತಂದೆ. ಈಗ ಇವನದು ಸರಿಯಿತು, ಅವನದು ನೆಟ್ಟಗಾಯಿತು. ಮತ್ತೆ ಮತ್ತೆ ಆಡಿದೆ. ನಿಶಾನೆಯಲ್ಲಿ ಕಾಣದ ಇನ್ನೊಂದು ಗಾಳಿ ಆ ಆಟದಲ್ಲಿತ್ತು. ಯಾರು ಬಹಳ ಮುಂದೆ ಹೋಗುತ್ತಾರೋ ಅವರ ಮೇಲೆ ಅದು ಬೀಸುತ್ತಿತ್ತು. ಕ್ಲಾಸಿನಲ್ಲಿ ಹೊಸಬರೊಂದಿಗೆ ಆಡುವಾಗ ಅಣ್ಣ ಮಕ್ಕಳೆಂದು ಕೈ ಹಿಡಿದು ಆಡುತ್ತಿದ್ದ, ಬಹಳ ಮುಂದೆ ಹೋಗುತ್ತಿರಲಿಲ್ಲ. ಹಾಗಾಗಿ ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸರ್ ಬಂದರು. ಡಬ್ಬಿಗೆ ಕಿವಿ ಕೊಡಲು ಬಾಗಿದವರಿಗೆ ನಾನು, "ಸರ್, ನಿಶಾನಿ ಒಂದು ಗಾಳಿ ತೋರಸ್ತದ, ಲಿಂಬಿಗೆ ಬ್ಯಾರೇ ಗಾಳಿ ಹತ್ತೇತಿ" ಎಂದೆ.

ಬಾಗಿದಲ್ಲೇ ನಿಂತರು. ಆಮೇಲೆ ನಕ್ಕರು. "ಕಂಡ್ಹಿಡಿದೆಲಾ! ಶಾಣ್ಯಾಕಿ ಅದಿ. ಪುಣೆದಾಗ ಒಬ್ಬರೂ ಹಿಡಿದಿದ್ದಿಲ್ಲ."

"ಅಂದ್ರ ಗೊತ್ತಿದ್ದಽ ಮಾಡೀರಿ?"

ನಗು ನಿಂತಿತು. ಸ್ಟೂಲು ಎಳೆದು ಕೂತರು. ಪುಣೆಯ ಕಥೆಯ ಇನ್ನೊಂದು ಮುಖ ಆ ದಿನ ಹೊರಬಂತು. ಕಂಪನಿಯವರು ಒಂದು ಅಂಗಡಿಯಲ್ಲಿ ಅವರ ಆಟವನ್ನು ಆಡಲು ಇಟ್ಟಿದ್ದರಂತೆ. ಸೋತ ಮಕ್ಕಳು ಎದ್ದು ಹೋಗುತ್ತಿದ್ದವು, ಮರಳಿ ಬರುತ್ತಿರಲಿಲ್ಲ. ಮಾಲೀಕ ಕರೆದು ಹೇಳಿದನಂತೆ: ಗೆಲ್ಲುವವನನ್ನು ಸ್ವಲ್ಪ ತಡಿ, ಸೋಲುವವನನ್ನು ಸ್ವಲ್ಪ ನೂಕು, ಯಾರಿಗೂ ಗೊತ್ತಾಗಬಾರದು.

"ಅವತ್ತಿಂದ ನಾ ಬರದ ಎಲ್ಲಾ ಆಟದಾಗೂ ಅದೈತಿ. ಮಂದಿ ಕುರ್ಚಿ ತುದೀಗೆ ಕುಂದರೋದು ಅದರಿಂದಽ. ಪಂಚಮಿ ದಿನ ನೋಡ್ದಿಲ್ಲೋ, ಮೆಟ್ಟಲ ತನಕ ಮಂದಿ!"

"ಆಟ ಸುಳ್ಳಾಡಬಾರ್ದು ಅಂತ ನನಗ ಹೇಳಿಕೊಟ್ರಿ."

"ಹೌದು."

"ನನ್ನ ಬುಟ್ಟಿ ಆಟಕ್ಕ ಇಡೀ ದಿನಾ ಮಾತ ಬಿಟ್ಟಿದ್ರಿ."

"ನಿನ್ನ ಸುಳ್ಳು ಕಾಣಸ್ತಿತ್ತು ತಂಗಿ" ಎಂದರು ಸರ್.

ಈ ಮಾತನ್ನು ಅವರು ಹೀಗೇ ಹೇಳಿದರೋ, ನಾನು ಇಷ್ಟು ವರ್ಷ ಉಜ್ಜಿ ಉಜ್ಜಿ ಅದಕ್ಕೆ ಹೊಳಪು ಬಂದಿದೆಯೋ ತಿಳಿಯದು. ಹೇಳಿದ ಧಾಟಿ ಮಾತ್ರ ಇದೇ. ನಾಚಿಕೆ ಅದರಲ್ಲಿರಲಿಲ್ಲ.

"ಅಣ್ಣಗ ಹೇಳ್ರಿ ಸರ್. ತನ್ನ ಕೈ ಹೋತು ಅಂತ ತಿಳಕೊಂಡಾನ. ಗೋಡಿಗೆ ಕೈ ಹಚ್ಚೋದ ಬಿಟ್ಟಾನ."

"ಹೇಳ್ತೇನಿ" ಎಂದರು. "ಮನೀಗೇ ಬಂದ್ ಹೇಳ್ತೇನಿ."

ನಾನೇ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದೇ ಸಂಜೆ ಹೇಳಿದೆ. ಅಣ್ಣ ಕೇಳಿ, "ಸೋತಾಂವನ ಪರ ತಂಗೀನ ವಕೀಲ! ಹೋಗ, ಮಂದಿ ನಗ್ತಾರ" ಎಂದು ಆಚೆ ತಿರುಗಿದ. ಬರೆದವರ ಬಾಯಿಂದಲೇ ಬರಬೇಕಿತ್ತು ಆ ಮಾತು.

ಸರ್ ಬಂದರು. ಮಾತಿಗೆ ತಪ್ಪಲಿಲ್ಲ, ಮನೆಗೇ ಬಂದರು. ಅವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಉಳಿದಿದ್ದ ಪಂಚಮಿ ಉಂಡಿ ಬಡಿಸಿದಳು. ಅಣ್ಣ ಅವರ ಎದುರು ಕೂತ. ನಾನು ರೊಟ್ಟಿ ಬುಟ್ಟಿ ಹಿಡಿದು ನಿಂತೆ. ಊಟ ನಡುವಿಗೆ ಬಂದಾಗ ಸರ್ ಕೈ ತಡೆದು, ಅಣ್ಣನ ಮುಖ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ.

"ಸರ್, ತಪ್ಪ ತಿಳೀಬ್ಯಾಡ್ರಿ" ಎಂದ ಅಣ್ಣ, ಅವರಿಗಿಂತ ಮೊದಲೇ. "ಅವತ್ತ ನಿಮ್ಮ ಮಾನ ಕಳದೆ. ಅಷ್ಟ ಚಲೋ ಆಟ ಮಾಡಿಕೊಟ್ರಿ, ನನ್ನ ಕೈಯಾಗ ತಾಕತ್ತ ಇಲ್ದಂಗಾತು."

ಸರ್ ಒಂದು ತುತ್ತು ಅಗಿದು ನುಂಗಿದರು. "ಇರ್ಲಿ ಬಿಡೋ" ಎಂದರು. "ಕೈ ಇನ್ನಷ್ಟು ಪಳಗಬೇಕು. ಮುಂದಿನ ವರ್ಷ ನೀನಽ ಗೆಲ್ತಿ."

ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಶೇಂಗಾ ಚಟ್ನಿ ಇದ್ರ ಹಾಕವಾ" ಎಂದರು.

ಹಾಕಿದೆ.

ನಾನು ಕ್ಲಾಸು ಬಿಟ್ಟೆ. ನರಗುಂದದ ಒಂದು ಸಾಲಿಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ನನಗೆ ಅನ್ನ ಕೊಟ್ಟ ವಿದ್ಯೆಯಲ್ಲಿ ಸರ್ ಕಲಿಸದ್ದು ಒಂದೂ ಇಲ್ಲ. ಸಾಲಿಯಲ್ಲಿಯೂ ಮಕ್ಕಳನ್ನು ಅಂಗಳದ ಚೌಕಗಳಲ್ಲಿ ನಿಲ್ಲಿಸುತ್ತೇನೆ, ನೀ ಗಾಳಿ, ನೀ ಚೆಂಡು ಎನ್ನುತ್ತೇನೆ. ಆಟ ಸುಳ್ಳಾಡಬಾರದು ಎಂದೂ ಹೇಳುತ್ತೇನೆ. ಅದನ್ನು ಯಾರಿಂದ ಕಲಿತೆ ಎಂದು ಮಾತ್ರ ಹೇಳುವುದಿಲ್ಲ.

ಅಣ್ಣ ಸರ್ ಕ್ಲಾಸಿಗೆ ಹೋಗುವುದನ್ನು ಬಿಡಲಿಲ್ಲ. ಆಡುತ್ತಿರಲಿಲ್ಲ. ಬೆಂಚು ಒರೆಸುತ್ತಿದ್ದ, ಹೊಸ ಹುಡುಗರು ಆಡುವುದನ್ನು ನೋಡುತ್ತಿದ್ದ. ಕೆಲವು ವರ್ಷಕ್ಕೆ ಊರಲ್ಲಿ ಮನೆಮನೆಗೂ ಕಂಪ್ಯೂಟರ್ ಬಂದು ಕ್ಲಾಸು ಮುಚ್ಚಿತು. ಸರ್ ಗಜೇಂದ್ರಗಡದ ಮನೆಗೆ ಮರಳಿದರು. ಬೇನೆ ಬಿದ್ದಿದ್ದಾರೆ ಎಂದು ಕೇಳಿ ನಾನೊಮ್ಮೆ ಹೋದೆ. ನೋಡಲು ಹೋದೆನೋ ಕೇಳಲು ಹೋದೆನೋ, ಎರಡೂ ಇರಬೇಕು.

ಹೊರಗೆ ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸಿದ, ಕರೆಂಟು ಮಾಡುವ ಗಾಳಿ ಪಂಕಗಳು ತಿರುಗುತ್ತಿದ್ದವು. ಸರ್ ಕಿಡಕಿಯ ಪಕ್ಕ ಹಾಸಿಗೆಯಲ್ಲಿದ್ದರು. "ಇವನ್ನ ನೋಡು. ಇವಕ್ಕ ಯಾರು ಮುಂದದಾರ, ಯಾರು ಹಿಂದದಾರ ಗೊತ್ತಾಗಂಗಿಲ್ಲ" ಎಂದರು. ಅಥವಾ ಪಂಕಗಳನ್ನು ಸುಮ್ಮನೆ ನೋಡಿದರು, ಮಾತನ್ನು ನಾನು ಆಮೇಲೆ ಅವರ ಬಾಯಲ್ಲಿಟ್ಟೆ. ಇಲ್ಲಿ ನನ್ನನ್ನು ನಂಬಬೇಡಿ. ಮುಂದಿನದನ್ನು ನಂಬಬಹುದು.

"ಅಣ್ಣ ಹ್ಯಾಂಗದಾನ?" ಎಂದು ಕೇಳಿದರು.

"ಕೈ ಹಂಗಽ ಐತಿರಿ. ನೀವ್ ಹೇಳ್ಲೇ ಇಲ್ಲ."

ಅವರ ಹೆಂಡತಿ ನೀರು ತಂದವರು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದರು. ಸರ್ ಕಿಡಕಿಯಿಂದ ಕಣ್ಣು ತೆಗೆದು ನನ್ನ ಕಡೆ ಹೊರಳಿದರು.

"ಅವತ್ತ ಊಟಕ್ಕ ಕುಂತಾಗ ಹೇಳಬೇಕಂತಽ ಬಂದಿದ್ದೆ" ಎಂದರು. "ಅಂವ ಕೈ ತಪ್ತು ಅಂದ. ಆಟ ತಪ್ತು ಅನಲಿಲ್ಲ. ಪುಣೆದಾಗ ಎಷ್ಟ ಮಂದಿ ಆಡ್ಯಾರ ನನ್ನ ಆಟ. ಸೋತಾಂವೆಲ್ಲಾ ಆಟಕ್ಕ ಬೈದಾನ, ಯಂತ್ರಕ್ಕ ಬೈದಾನ, ನನಗ ಬೈದಾನ. ಖರೇ ಅಂತ ನಂಬಿದಾಂವ ಇಂವ ಒಬ್ಬಾಂವಽ. ನಾ ಬರದ ಗಾಳಿ ಖರೇ ಗಾಳಿ ಅಂದ. ಅದನ್ನ ಕಳಕೊಳ್ಳಾಕ ಆಗಲಿಲ್ಲ ತಂಗಿ."

"ನಿಮಗ ಆ ಒಬ್ಬಾಂವ ಉಳದ ಸರ್. ಅಂವಗ ಕೈ ಉಳೀಲಿಲ್ಲ."

"ಈಗ ಕರಕೊಂಡ ಬಾ. ಹೇಳ್ತೇನಿ."

ಆ ವಾರವೇ ಅಣ್ಣನನ್ನು ಕಳಿಸಿದೆ. ಸಂಜೆ ಬಂದವನು ಕಣ್ಣೊರೆಸಿಕೊಂಡ. "ಸರ್ ಭಾಳ ಇಳಿದಾರವಾ. ಕೈ ಹಿಡಕೊಂಡ್ ಕುಂತಿದ್ರು."

"ಏನ್ ಹೇಳಿದ್ರು?"

"ಏನಿಲ್ಲ. ಕೈ ಹ್ಯಾಂಗೈತಿ ಅಂದ್ರು. ಐತಿ ಅಂದೆ."

ಕೆಲ ದಿನಕ್ಕೆ ಸುದ್ದಿ ಬಂತು. ಮಣ್ಣಿಗೆ ಅಣ್ಣ, ನಾನು ಇಬ್ಬರೂ ಹೋದೆವು. ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಯಾವುದರಿಂದ ಬಂತೆಂದು ಬಿಡಿಸಲು ಆಗಲಿಲ್ಲ. ಅಣ್ಣ ಎದೆಯ ಮಟ್ಟದಲ್ಲೇ ಕೈ ಹಿಡಿದು ಒಂದು ಹಿಡಿ ಮಣ್ಣು ಹಾಕಿ ಬಂದ. ಮರಳುವಾಗ ಬಸ್ಸು ನರೇಗಲ್ಲು ದಾಟಿತು. ಅಲ್ಲಿಂದ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಪುಣೆಯ ಮಾಲೀಕ, ಎರಡನೆಯ ಗಾಳಿ, ಎಣ್ಣೆಗಾಯಿಯ ಊಟ, ಹಾಸಿಗೆಯ ಮೇಲಿನ ಮಾತು, ಒಂದನ್ನೂ ಬಿಡಲಿಲ್ಲ.

"ಸತ್ತಾರ ಮ್ಯಾಲ ಸುಳ್ಳ ಹಾಕಬ್ಯಾಡ" ಎಂದ ಅಣ್ಣ. "ಈಗ ಮಣ್ಣ ಕೊಟ್ಟ ಬಂದೇವಿ."

"ಆಟ ನನ್ನ ಕಡೆ ಐತಿ. ಮನೀಗೆ ನಡಿ, ತೋರಸ್ತೇನಿ."

ಸ್ನಾನ ಮಾಡಿ ಬಂದು ಕೂತ. ನಾನು ಎರಡೂ ಕಡೆಯಿಂದ ಆಡಿ, ಅವನ ಲಿಂಬೆಯನ್ನು ಬಹಳ ಮುಂದೆ ತಂದು, ಬನ್ನಿಗಿಡ ಪರದೆಯೊಳಗೆ ಬರುವಂತೆ ಮಾಡಿ, ನಿಶಾನೆ ಜೋತುಬೀಳುವವರೆಗೆ ಕಾದೆ.

"ನೋಡು, ಗಾಳಿ ಐತೇನು?"

"ಇಲ್ಲ."

"ಒಗಿ."

ಅಣ್ಣ ಬಲಗೈಯನ್ನು ಮೇಜಿನ ಮೇಲಿಟ್ಟ. ಎಷ್ಟೋ ವರ್ಷದ ಮೇಲೆ ಒತ್ತಿ ಹಿಡಿದು, ಬಿಟ್ಟ. ಬೆರಳಿನಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಲಿಂಬೆ ನೆಟ್ಟಗೆ ಏರಿತು, ಇಳಿಯುವಾಗ ಸರಿಯಿತು, ಹೆಸರಿನ ಹೊಲದೊಳಗೆ ಹೋಯಿತು.

"ಕಂಡೇನು?" ಎಂದೆ.

"ಕಂಡೆ" ಎಂದ. ಕೈಯನ್ನು ತಿರುಗಿಸಿ ನೋಡಿಕೊಂಡ. "ಮತ್ತ ತಪ್ತು."

ನಾನು ಅವನನ್ನು ಸರಿಸಿ, ಅದೇ ಜಾಗದಿಂದ, ಅದೇ ನಿಶಾನೆಗೆ, ನಾನೇ ಒಗೆದೆ. ನನ್ನದೂ ಹೊಲಕ್ಕೆ ಹೋಯಿತು.

ಅಣ್ಣ ನಕ್ಕುಬಿಟ್ಟ. ಆ ದಿನ ಮುಂಜಾನೆಯಿಂದ ಅದೇ ಮೊದಲ ನಗು. "ನಿನಗೂ ಬರಂಗಿಲ್ಲ ತೊಗೊ" ಎಂದು ನನ್ನ ತಲೆ ತಟ್ಟಿದ. "ಸರ್ ಇದ್ದಿದ್ರ ಹೇಳಿಕೊಡ್ತಿದ್ರು."